ಅಸಾಂಕ್ರಾಮಿಕ ರೋಗಗಳ ತಡೆ: ತಪಾಸಣೆ ಮತ್ತು ತಪಾಸಣೆಯ ನಂತರದ ಹೊಣೆ

ಅನ್ನ, ಅಕ್ಷರ, ಆರೋಗ್ಯ ಈ ಮೂರನ್ನೂ ದಾಸೋಹವೆಂದೇ ಭಾವಿಸಿ ನಡೆದುಬಂದ ಮಠಪರಂಪರೆ ನಮ್ಮದು. ಜಾತ್ರೆ, ಶರಣರ ಜಯಂತಿ, ಲಿಂಗೈಕ್ಯ ಪೂಜ್ಯರ ಸ್ಮರಣೋತ್ಸವಗಳ ಸಂದರ್ಭದಲ್ಲಿ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವುದು ನಾಡಿನ ಅನೇಕ ಮಠಗಳಲ್ಲಿ ಇಂದು ರೂಢಿಯಾಗಿದೆ. ಶ್ರೀಮಠದಲ್ಲಿಯೂ ಇಂತಹ ಶಿಬಿರಗಳು ನಡೆಯುತ್ತ ಬಂದಿವೆ. ಭಕ್ತರು ಸಾಲಿನಲ್ಲಿ ನಿಂತು ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಮಾಡಿಸಿಕೊಂಡು, ಕೈಗೆ ಬಂದ ಚೀಟಿಯನ್ನು ಜೇಬಿಗಿಟ್ಟುಕೊಂಡು, ಪ್ರಸಾದ ಸ್ವೀಕರಿಸಿ ಊರಿಗೆ ಮರಳುತ್ತಾರೆ.

ಕೆಲವು ವರ್ಷಗಳ ಹಿಂದಿನ ಜಾತ್ರೆಯ ಶಿಬಿರದಲ್ಲಿ, ದಾಸೋಹದ ಅಡುಗೆಮನೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ್ದ ಹಿರಿಯರೊಬ್ಬರ ರಕ್ತದೊತ್ತಡ 180/110 ಎಂದು ದಾಖಲಾಯಿತು. ಅಂದೇ ಆಸ್ಪತ್ರೆಗೆ ಹೋಗುವಂತೆ ವೈದ್ಯರು ಚೀಟಿ ಬರೆದುಕೊಟ್ಟರು. ‘ನನಗೇನೂ ತ್ರಾಸಿಲ್ಲ ಸಾಹೇಬರ, ಜಾತ್ರಿ ಮುಗೀಲಿ’ ಎಂದು ಹೇಳಿ ಅವರು ಪಂಕ್ತಿಗೆ ಬಡಿಸಲು ನಡೆದರು. ಏಳು ತಿಂಗಳ ನಂತರ ಅವರಿಗೆ ಪಾರ್ಶ್ವವಾಯು ಆಯಿತು. ಕಾಣಲೆಂದು ಅವರ ಮನೆಗೆ ಹೋದಾಗ ಆ ಚೀಟಿ ಪೂಜೆಯ ಜಗಲಿಯ ಮೇಲೆ, ವಿಭೂತಿ ಗಟ್ಟಿಗಳ ಪಕ್ಕದಲ್ಲಿ ಮಡಿಸಿದಂತೆಯೇ ಇತ್ತು. ಎಡಗೈಯಲ್ಲಿ ಇಷ್ಟಲಿಂಗವಿದ್ದರೂ ಅರ್ಚಿಸಲು ಬಲಗೈ ಏಳದ ಸ್ಥಿತಿ ಅವರದಾಗಿತ್ತು. ಆ ವರ್ಷದ ಶಿಬಿರದ ವರದಿಯನ್ನು ಬರೆದವನು ನಾನೇ. ಎಷ್ಟು ಜನ ಬಂದರು ಎಂಬ ಲೆಕ್ಕ ಅದರಲ್ಲಿತ್ತು. ಅವರಲ್ಲಿ ಎಷ್ಟು ಜನ ಮುಂದೆ ವೈದ್ಯರನ್ನು ಕಂಡರು ಎಂಬ ಲೆಕ್ಕ ಇರಲಿಲ್ಲ.

ತಪಾಸಣೆ ಎಂಬುದು ಚಿಕಿತ್ಸೆಯಲ್ಲ, ಚಿಕಿತ್ಸೆಯ ಬಾಗಿಲು ಮಾತ್ರ. ಬಾಗಿಲವರೆಗೆ ಬಂದವರನ್ನು ಒಳಗೆ ಕರೆದೊಯ್ಯುವ ಹೊಣೆ ಭಕ್ತರದೂ ಹೌದು, ಅವರ ಕುಟುಂಬದವರದೂ ಹೌದು, ಶಿಬಿರ ನಡೆಸುವವರದೂ ಹೌದು. ಈ ಹೊಣೆಯನ್ನು ಅರಿತು ನಡೆಯಲು ಬೇಕಾದ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಅಸಾಂಕ್ರಾಮಿಕ ರೋಗಗಳೆಂದರೆ ಯಾವುವು?

ಒಬ್ಬರಿಂದ ಒಬ್ಬರಿಗೆ ಹರಡದ, ನಿಧಾನವಾಗಿ ಬೆಳೆದು ದೀರ್ಘಕಾಲ ಉಳಿಯುವ ಕಾಯಿಲೆಗಳಿಗೆ ಅಸಾಂಕ್ರಾಮಿಕ ರೋಗಗಳೆಂದು ಹೆಸರು. ಅಧಿಕ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು, ಕ್ಯಾನ್ಸರ್, ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ ಹಾಗೂ ಮೂತ್ರಪಿಂಡದ ಕಾಯಿಲೆಗಳು ಇವುಗಳಲ್ಲಿ ಮುಖ್ಯವಾದವು. ಭಾರತದಲ್ಲಿ ಸಂಭವಿಸುವ ಒಟ್ಟು ಮರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂದು ಈ ಗುಂಪಿನ ಕಾಯಿಲೆಗಳಿಂದಲೇ ಸಂಭವಿಸುತ್ತಿವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ. 35ಕ್ಕೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡವಿದೆ. ಇವು ಪಟ್ಟಣದ ಸಿರಿವಂತರ ಕಾಯಿಲೆಗಳು ಎಂಬ ಹಳೆಯ ನಂಬಿಕೆಗೆ ಇನ್ನು ಆಧಾರವಿಲ್ಲ. ಹೊಲಕ್ಕೆ ಹೋಗುವ ರೈತರಲ್ಲಿಯೂ ಮನೆವಾರ್ತೆ ನೋಡಿಕೊಳ್ಳುವ ತಾಯಂದಿರಲ್ಲಿಯೂ ಇವು ಕಂಡುಬರುತ್ತಿವೆ.

ಲಕ್ಷಣವಿಲ್ಲದಾಗ ಪರೀಕ್ಷೆ ಏಕೆ?

ಜ್ವರ ಬಂದರೆ ಮೈ ಸುಡುತ್ತದೆ, ಗಾಯವಾದರೆ ನೋವಾಗುತ್ತದೆ. ರಕ್ತದೊತ್ತಡ ಹೆಚ್ಚಿದರೆ ಬಹುಪಾಲು ಜನರಿಗೆ ಏನೂ ತಿಳಿಯುವುದಿಲ್ಲ. ತಲೆನೋವು, ತಲೆಸುತ್ತು ಇದ್ದರೆ ಮಾತ್ರ ಬಿಪಿ ಇರುತ್ತದೆ ಎಂಬ ತಿಳುವಳಿಕೆ ತಪ್ಪು. ಮಧುಮೇಹವೂ ಹೀಗೆಯೇ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಆ ಅವಧಿಯಲ್ಲಿ ಕಣ್ಣಿನ ಹಿಂಭಾಗದ ಸೂಕ್ಷ್ಮ ರಕ್ತನಾಳಗಳು, ಮೂತ್ರಪಿಂಡಗಳು, ಪಾದದ ನರಗಳು ಮತ್ತು ಹೃದಯದ ರಕ್ತನಾಳಗಳು ಒಳಗೊಳಗೇ ಹಾನಿಗೊಳ್ಳುತ್ತಿರುತ್ತವೆ. ಲಕ್ಷಣ ಕಾಣಿಸಿಕೊಳ್ಳುವ ಹೊತ್ತಿಗೆ ಆ ಹಾನಿಯ ಒಂದಷ್ಟು ಭಾಗ ಸರಿಪಡಿಸಲಾಗದ ಹಂತ ತಲುಪಿರುತ್ತದೆ. ಆದ್ದರಿಂದಲೇ ಆರೋಗ್ಯವಾಗಿದ್ದೇವೆ ಎಂದುಕೊಂಡಿರುವವರಿಗೆ ತಪಾಸಣೆ ಬೇಕು.

ಯಾರಿಗೆ, ಯಾವಾಗ, ಎಲ್ಲಿ?

ಕೇಂದ್ರ ಸರ್ಕಾರವು 2010ರಲ್ಲಿ ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಅನ್ವಯ 30 ವರ್ಷ ತುಂಬಿದ ಪ್ರತಿಯೊಬ್ಬ ಸ್ತ್ರೀ ಪುರುಷರಿಗೂ ತಪಾಸಣೆಯ ಅವಕಾಶವಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಒಂದು ನಮೂನೆಯನ್ನು ತುಂಬುತ್ತಾರೆ. ವಯಸ್ಸು, ತಂಬಾಕು ಮತ್ತು ಮದ್ಯದ ಬಳಕೆ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ಇರುವ ಕಾಯಿಲೆ ಇವುಗಳಿಗೆ ಅಂಕ ನೀಡುತ್ತಾರೆ. ಅಂಕ 4ನ್ನು ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ ಇರುತ್ತದೆ. ಈ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಸತ್ಯವನ್ನು ಹೇಳುವುದು ನಮ್ಮ ಹಿತಕ್ಕೇ.

ಅನುಸರಿಸಬೇಕಾದ ಕಾಲಕ್ರಮ ಹೀಗಿದೆ:

ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ: ವರ್ಷಕ್ಕೊಮ್ಮೆ.

ಬಾಯಿಯ ತಪಾಸಣೆ: ಕನಿಷ್ಠ 5 ವರ್ಷಕ್ಕೊಮ್ಮೆ. ತಂಬಾಕು ಅಥವಾ ಅಡಿಕೆಯ ಅಭ್ಯಾಸವುಳ್ಳವರು ವೈದ್ಯರ ಸಲಹೆಯಂತೆ ಇನ್ನೂ ಬೇಗ.

ಸ್ತನ ತಪಾಸಣೆ ಹಾಗೂ ಗರ್ಭಕಂಠದ ತಪಾಸಣೆ: 30 ವರ್ಷ ಮೀರಿದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ.

ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಪಟ್ಟಣಗಳ ನಮ್ಮ ಕ್ಲಿನಿಕ್‌ಗಳು ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೇವೆ ಉಚಿತವಾಗಿ ದೊರೆಯುತ್ತದೆ. ಮನೆಬಾಗಿಲಿನಲ್ಲಿಯೇ ತಪಾಸಣೆ ನಡೆಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಿದೆ. ಆದ್ದರಿಂದ ತಪಾಸಣೆಗಾಗಿ ಮಠದ ಜಾತ್ರೆಯವರೆಗೆ ಕಾಯಬೇಕಾದ ಅಗತ್ಯವಿಲ್ಲ.

ಅಳತೆಗಳ ಅರ್ಥ

ಚೀಟಿಯಲ್ಲಿ ಬರೆದ ಅಂಕಿಗಳನ್ನು ಓದಲು ಬಾರದಿದ್ದರೆ ಚೀಟಿಗೆ ಬೆಲೆಯಿಲ್ಲ. ಕೆಳಗಿನ ಅಂಕಿಗಳನ್ನು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ತಿಳಿದಿರಬೇಕು.

ರಕ್ತದೊತ್ತಡ: ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ತಲುಪಿದರೆ, ಇವೆರಡರಲ್ಲಿ ಒಂದಿದ್ದರೂ, ಅದು ಅಧಿಕ. ಒಂದೇ ಅಳತೆಯಿಂದ ಕಾಯಿಲೆಯನ್ನು ನಿರ್ಧರಿಸುವುದಿಲ್ಲ; ಬೇರೊಂದು ದಿನ ಮತ್ತೆ ಅಳೆದು ಖಚಿತಪಡಿಸುತ್ತಾರೆ. ಆದರೆ 180/110 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯುವಂತಿಲ್ಲ, ಅದೇ ದಿನ ವೈದ್ಯರನ್ನು ಕಾಣಬೇಕು. ಅಳೆಸುವ ಮುನ್ನ 5 ನಿಮಿಷ ಶಾಂತವಾಗಿ ಕುಳಿತಿರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಅರ್ಧ ಗಂಟೆ ಮುಂಚೆ ಚಹಾ, ಕಾಫಿ, ತಂಬಾಕು ಸೇವಿಸಿರಬಾರದು. ಸಾಲಿನಲ್ಲಿ ನೂಕಾಡಿ ಬಂದು ನಿಂತಲ್ಲಿಯೇ ಅಳೆಸಿದ ಬಿಪಿಯನ್ನು ನಂಬಲಾಗದು.

ರಕ್ತದ ಸಕ್ಕರೆ: ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ನೋಡಿದಾಗ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.5 ಅಥವಾ ಹೆಚ್ಚು ಬಂದರೂ ಹಾಗೆಯೇ. ಶಿಬಿರಗಳಲ್ಲಿ ಬೆರಳು ಚುಚ್ಚಿ ಯಾವುದೋ ಹೊತ್ತಿನಲ್ಲಿ ನೋಡುವ ಸಕ್ಕರೆ 140ನ್ನು ಮೀರಿದರೆ ಅದು ಖಚಿತ ಪರೀಕ್ಷೆಗೆ ಹೋಗಬೇಕೆಂಬ ಸೂಚನೆ ಮಾತ್ರ. ಮಧುಮೇಹವಿದೆ ಎಂಬ ತೀರ್ಪಲ್ಲ.

ಸೊಂಟದ ಸುತ್ತಳತೆ: ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದೆ ಎಂದರ್ಥ. ಮೈಕೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರೂ ಇದನ್ನು ಲಘುವಾಗಿ ಕಾಣಬಾರದು.

ಮಧುಮೇಹದ ಹೊಸ್ತಿಲಲ್ಲಿರುವವರಿಗೆ ಭರವಸೆಯ ಮಾತೊಂದಿದೆ. ಚೆನ್ನೈನ ಸಂಶೋಧಕರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಬದಲಾವಣೆಯೊಂದರಿಂದಲೇ ಇಂಥವರು ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ. 28ರಷ್ಟು ಕಡಿಮೆಯಾಯಿತು.

ಚೀಟಿ ಬಂದ ಮೇಲೆ

ಅಳತೆ ಹೆಚ್ಚು ಬಂದವರು ಒಂದು ವಾರದೊಳಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ಚೀಟಿಯೊಡನೆ ಹೋಗಬೇಕು. ಒಬ್ಬರೇ ಹೋಗದೆ ಮಗ, ಮಗಳು, ಸೊಸೆ ಯಾರನ್ನಾದರೂ ಜೊತೆಗೆ ಕರೆದೊಯ್ಯುವುದು ಒಳಿತು. ರಕ್ತದೊತ್ತಡ ಮತ್ತು ಮಧುಮೇಹದ ಸಾಮಾನ್ಯ ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಈ ಹಂತದಲ್ಲಿ ಭಕ್ತರಿಂದ ಮರಳಿ ಮರಳಿ ಕೇಳಿಬರುವ ಮಾತುಗಳು ಮೂರು.

‘ಒಮ್ಮೆ ಗುಳಿಗೆ ಹಿಡಿದರೆ ಸಾಯುವ ತನಕ ಬಿಡುವಂತಿಲ್ಲವಂತೆ.’ ದೀರ್ಘಕಾಲ ಇರುವುದು ಕಾಯಿಲೆ. ಅದಕ್ಕಾಗಿ ಗುಳಿಗೆಯೂ ದೀರ್ಘಕಾಲ ಬೇಕಾಗುತ್ತದೆ. ಗುಳಿಗೆಯನ್ನು ನಿರಾಕರಿಸುವುದರಿಂದ ಕಾಯಿಲೆ ದೂರವಾಗುವುದಿಲ್ಲ.

‘ಈಗ ಬಿಪಿ ನಾರ್ಮಲ್ ಬಂದಿದೆ, ಗುಳಿಗೆ ನಿಲ್ಲಿಸಿದೆ.’ ನಾರ್ಮಲ್ ಬಂದದ್ದು ಗುಳಿಗೆಯ ಫಲ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಅದು ಮತ್ತೆ ಏರುತ್ತದೆ.

‘ನಾನು ಮನೆಮದ್ದು ಮಾಡುತ್ತಿದ್ದೇನೆ.’ ಹಾಗಲಕಾಯಿ, ಮೆಂತ್ಯ ಊಟದಲ್ಲಿರಲಿ, ತೊಂದರೆಯಿಲ್ಲ. ಅವು ಔಷಧದ ಜಾಗವನ್ನು ತುಂಬಲಾರವು. ಬೇರೆ ಪದ್ಧತಿಯ ಔಷಧ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಮಧುಮೇಹ ಖಚಿತವಾದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ, ಮೂತ್ರ, ಮೂತ್ರಪಿಂಡದ ಕಾರ್ಯ ಮತ್ತು ಪಾದಗಳ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಸಂಕೋಚದಿಂದ ತಡವಾಗುವ ಮೂರು ಕ್ಯಾನ್ಸರ್‌ಗಳು

ನಮ್ಮ ದೇಶದಲ್ಲಿ ಪತ್ತೆಯಾಗುವ ಕ್ಯಾನ್ಸರ್‌ಗಳಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳೇ ಸುಮಾರು ಮೂರರಲ್ಲಿ ಒಂದು ಭಾಗ. ಈ ಮೂರನ್ನೂ ಸರಳ ತಪಾಸಣೆಯಿಂದ ಮೊದಲ ಹಂತದಲ್ಲಿಯೇ ಗುರುತಿಸಬಹುದು.

ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೊದಲಿನಂತೆ ಬಾಯಿ ತೆರೆಯಲಾಗದಿರುವುದು ಇವು ಎಚ್ಚರಿಕೆಯ ಗುರುತುಗಳು. ತಂಬಾಕಿನ ಅಪಾಯ ಎಲ್ಲರಿಗೂ ಗೊತ್ತು. ಆದರೆ ತಂಬಾಕು ಬೆರೆಸದ ಅಡಿಕೆಯನ್ನು ಜಗಿಯುವುದೂ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆ ಬೆಳೆದು ಬದುಕು ಕಟ್ಟಿಕೊಂಡ ಭಕ್ತರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಶ್ರಮದ ಬಗ್ಗೆ ಗೌರವವಿದೆ. ಮಂಗಳಕಾರ್ಯದಲ್ಲಿ ತಾಂಬೂಲ ನೀಡುವ ಸಂಪ್ರದಾಯವೂ ಇರುತ್ತದೆ. ಆದರೆ ದಿನವಿಡೀ ದವಡೆಯಲ್ಲಿ ಅಡಿಕೆಯನ್ನೋ ಗುಟ್ಕಾವನ್ನೋ ಇಟ್ಟುಕೊಳ್ಳುವುದು ಸಂಪ್ರದಾಯವಲ್ಲ, ಚಟ. ಎರಡನ್ನೂ ಒಂದೇ ಎಂದು ಬಗೆದು ಸತ್ಯವನ್ನು ಮರೆಮಾಚುವುದು ತರವಲ್ಲ.

ಸ್ತನದಲ್ಲಿ ಗಂಟು, ಚರ್ಮ ಒಳಸೆಳೆದಂತಾಗುವುದು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ ಕಂಡರೆ ತಡಮಾಡಬಾರದು. ಮೊದಲಿಗೆ ಗಂಟು ನೋಯದಿರುವುದೇ ಹೆಚ್ಚು. ನೋವಿಲ್ಲವೆಂದು ಬಿಡುವುದು ಸಲ್ಲ. ಗರ್ಭಕಂಠದ ತಪಾಸಣೆಯಲ್ಲಿ ತಿಳಿಯಾದ ದ್ರಾವಣವೊಂದನ್ನು ಲೇಪಿಸಿ ಬಣ್ಣದ ಬದಲಾವಣೆಯನ್ನು ನೋಡುತ್ತಾರೆ. ಇದು ಕೆಲವೇ ನಿಮಿಷಗಳ ಕೆಲಸ. ಅರಿವಳಿಕೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇರುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರೆ ವಯಸ್ಸಿನ ಸಹಜವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. 9ರಿಂದ 14 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ನೀಡುವ ಎಚ್‌ಪಿವಿ ಲಸಿಕೆ ಈ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯಬಲ್ಲದು. ‘ಇದನ್ನೆಲ್ಲ ಯಾರ ಮುಂದೆ ಹೇಳುವುದು’ ಎಂದು ತಾಯಂದಿರು ನುಂಗಿಕೊಂಡು ಕೂರುವ ಪರಿಸ್ಥಿತಿ ನಮ್ಮ ಮನೆಗಳಲ್ಲಿ ಇರಬಾರದು. ಸ್ತ್ರೀಗೆ ಸಮಾನ ಸ್ಥಾನ ನೀಡಿದ ಶರಣರ ಹಾದಿಯಲ್ಲಿ ನಡೆಯುವವರು ಆಕೆಯ ಆರೋಗ್ಯದ ಮಾತನ್ನು ಮೊದಲು ಕೇಳಬೇಕು.

ಪ್ರಸಾದ, ಉಪವಾಸ, ಪಾದಯಾತ್ರೆ

ಆಹಾರದಲ್ಲಿ ಮೊದಲ ಗಮನ ಉಪ್ಪಿನ ಮೇಲಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಸಾಕು. ಸಾರು ಪಲ್ಯಗಳ ಉಪ್ಪಲ್ಲದೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಅಂಗಡಿಯ ಕುರುಕಲುಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಜೋಳದ ರೊಟ್ಟಿ, ಸಜ್ಜೆ, ನವಣೆ, ಕಾಳಿನ ಪಲ್ಯ, ಸೊಪ್ಪು ಹಿರಿಯರಿಂದ ಬಂದ ಒಳ್ಳೆಯ ಊಟ. ಆದರೆ ಅದಕ್ಕೂ ಮಿತಿಯುಂಟು. ಜೋಳ ತಿಂದರೆ ಸಕ್ಕರೆ ಏರುವುದಿಲ್ಲ, ಬೆಲ್ಲಕ್ಕೆ ದೋಷವಿಲ್ಲ ಎಂಬುವು ಸರಿಯಲ್ಲದ ಮಾತುಗಳು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯೂ ಇರಲಿ.

ಗೋಧಿ ಹುಗ್ಗಿ, ಹೋಳಿಗೆಗಳನ್ನು ‘ಪ್ರಸಾದ, ಬೇಡ ಎನ್ನಬಾರದು’ ಎಂದು ಮಧುಮೇಹಿಗಳಿಗೂ ಬಟ್ಟಲು ತುಂಬ ಬಡಿಸುವ ರೂಢಿ ನಮ್ಮಲ್ಲಿದೆ. ಪ್ರಸಾದದ ಮಹಿಮೆ ಅಳತೆಯಲ್ಲಿಲ್ಲ. ಒಂದು ತುತ್ತು ಸ್ವೀಕರಿಸಿದರೂ ಅದು ಪ್ರಸಾದವೇ. ಬಡಿಸುವವರು ಕೇಳಿ ಬಡಿಸಬೇಕು. ಸ್ವೀಕರಿಸುವವರು ಸಂಕೋಚವಿಲ್ಲದೆ ಸಾಕೆನ್ನಬೇಕು.

ಶಿವರಾತ್ರಿ, ಶ್ರಾವಣ ಸೋಮವಾರಗಳಲ್ಲಿ ಉಪವಾಸ ಮಾಡುವ ಮಧುಮೇಹಿಗಳು ಮುಂಚಿತವಾಗಿ ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ಮಂಕು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಲಿಂಗಪೂಜೆಯಾಗದೆ ಆಹಾರ ಸ್ವೀಕರಿಸದ ನೇಮವುಳ್ಳವರು ಪೂಜೆಯ ಹೊತ್ತನ್ನು ವೈದ್ಯರಿಗೆ ತಿಳಿಸಿ, ಔಷಧದ ಸಮಯವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ನೇಮವೂ ಉಳಿಯುತ್ತದೆ, ಔಷಧವೂ ತಪ್ಪುವುದಿಲ್ಲ.

ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಅಸಂಖ್ಯ. ಅವರಲ್ಲಿ ಮಧುಮೇಹಿಗಳಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ನರಗಳು ಮಂದವಾದ ಪಾದಕ್ಕೆ ಮುಳ್ಳು, ಬಿಸಿಲಿಗೆ ಕಾದ ರಸ್ತೆ, ಗುಳ್ಳೆ ಯಾವುದರ ನೋವೂ ತಿಳಿಯುವುದಿಲ್ಲ. ತಿಳಿಯದ ಗಾಯ ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ. ಇಂಥವರು ಬರಿಗಾಲಲ್ಲಿ ನಡೆಯಬಾರದು. ಅಳತೆಗೆ ಸರಿಯಾದ, ಮೆತ್ತನೆಯ ಪಾದರಕ್ಷೆ ಧರಿಸಬೇಕು. ಪ್ರತಿ ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಅಥವಾ ಜೊತೆಯವರಿಂದ ನೋಡಿಸಿಕೊಳ್ಳಬೇಕು. ಔಷಧ ಮತ್ತು ಸಕ್ಕರೆಯ ಪೊಟ್ಟಣವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ತುರ್ತಿನ ಗುರುತುಗಳು

ಮುಖ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಉಪಯುಕ್ತ. ಆದ್ದರಿಂದ ಎಣ್ಣೆ ತಿಕ್ಕಿಸುತ್ತ, ನಾಟಿ ಔಷಧಕ್ಕೆ ಅಲೆಯುತ್ತ ಹೊತ್ತು ಕಳೆಯಬಾರದು. ಎದೆ ಹಿಂಡಿದಂತಹ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರುಕಟ್ಟು ಹೃದಯಾಘಾತದ ಗುರುತುಗಳು. ಗ್ಯಾಸ್ ಎಂದು ಸೋಡಾ ಕುಡಿದು ಮಲಗುವುದು ಪ್ರಾಣಕ್ಕೆ ಎರವಾದೀತು. ಎರಡರಲ್ಲಿಯೂ 108ಕ್ಕೆ ಕರೆ ಮಾಡಬೇಕು. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ.

ಶಿಬಿರ ನಡೆಸುವವರು ಪಾಲಿಸಬೇಕಾದವು

ಮಠಗಳು, ಸಮಾಜದ ಸಂಘಗಳು, ಅಕ್ಕನ ಬಳಗಗಳು ಶಿಬಿರ ಏರ್ಪಡಿಸುವಾಗ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಮೊದಲ ಸಭೆಯಿಂದಲೇ ಸೇರಿಸಿಕೊಳ್ಳಬೇಕು. ಶಿಬಿರದ ವೈದ್ಯರು ಮರುದಿನ ಹೊರಟುಹೋಗುತ್ತಾರೆ. ಕೇಂದ್ರ ಅಲ್ಲಿಯೇ ಇರುತ್ತದೆ.

2. ಅಳತೆ ಹೆಚ್ಚು ಬಂದವರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಪ್ರತ್ಯೇಕ ವಹಿಯಲ್ಲಿ ಬರೆಯಬೇಕು. ಆ ವಹಿ ಸಾರ್ವಜನಿಕರ ಕೈಗೆ ಸಿಗಬಾರದು.

3. ಪ್ರತಿ ಊರಿಗೆ ಒಬ್ಬ ಸೇವಾಕರ್ತರನ್ನು ನೇಮಿಸಿ, ಎರಡನೆಯ ವಾರದಲ್ಲಿ ಹಾಗೂ ಮೂರನೆಯ ತಿಂಗಳಲ್ಲಿ ವಿಚಾರಿಸಿಕೊಳ್ಳುವ ಹೊಣೆ ವಹಿಸಬೇಕು.

4. ಮಹಿಳೆಯರ ತಪಾಸಣೆಗೆ ಮರೆಯಾದ ಕೊಠಡಿ ಮತ್ತು ಮಹಿಳಾ ಸಿಬ್ಬಂದಿ ಇರಬೇಕು. ತಪಾಸಣೆಯ ಛಾಯಾಚಿತ್ರ ತೆಗೆಯಬಾರದು.

5. ವರದಿಯಲ್ಲಿ ಮೂರು ಲೆಕ್ಕಗಳಿರಬೇಕು: ಎಷ್ಟು ಜನ ಬಂದರು, ಎಷ್ಟು ಜನರಿಗೆ ಮುಂದಿನ ಪರೀಕ್ಷೆ ಬೇಕಾಯಿತು, ಅವರಲ್ಲಿ ಎಷ್ಟು ಜನ ಚಿಕಿತ್ಸೆಗೆ ತಲುಪಿದರು. ಮೂರನೆಯದಿಲ್ಲದ ವರದಿ ಅಪೂರ್ಣ.

ಮೊದಲು ಹೇಳಿದ ಹಿರಿಯರು ಇಂದಿಗೂ ನಮ್ಮೊಡನಿದ್ದಾರೆ. ನಿಯಮಿತ ಔಷಧ ಮತ್ತು ವ್ಯಾಯಾಮದಿಂದ ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ. ಈಗಲೂ ಜಾತ್ರೆಗೆ ಬರುತ್ತಾರೆ, ಶಿಬಿರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಚೀಟಿ ಹಿಡಿದು ಹೊರಬರುವ ಪ್ರತಿಯೊಬ್ಬರನ್ನೂ ಕೇಳುತ್ತಾರೆ: ‘ದವಾಖಾನಿಗೆ ಯಾವಾಗ ಹೋಗ್ತೀರಿ?’ ನಾಲಗೆ ಇನ್ನೂ ಪೂರ್ತಿ ತಿರುಗದಿದ್ದರೂ ಆ ಪ್ರಶ್ನೆ ಎಲ್ಲರಿಗೂ ತಿಳಿಯುತ್ತದೆ. ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಕಾಪಾಡಿಕೊಳ್ಳುವುದೂ ಕಾಯಕವೇ ಎಂದು ಅರಿತು, ಈ ಪ್ರಶ್ನೆಯನ್ನು ಸದ್ಭಕ್ತರೆಲ್ಲರೂ ತಮ್ಮ ತಮ್ಮ ಮನೆಯ ಹಿರಿಯರಿಗೆ ಇಂದೇ ಕೇಳಬೇಕೆಂದು ಶ್ರೀಮಠದ ಪರವಾಗಿ ವಿನಂತಿಸುತ್ತೇನೆ.